ಗರಗಸದ ಯಾವ ‘ಗ’ಕ್ಕೆ ಬಣ್ಣ? ಪೈಥಾನ್ ಪದ-ಊಹೆ ಆಟದಲ್ಲಿ ಅಕ್ಷರದ ಸುಳಿವು ತೋರಿಸುವ ಬಗೆ

ಉತ್ತರ ‘ಸಡಗರ’. ಆಡುವವರು ‘ಗರಗಸ’ ಎಂದು ಟೈಪ್ ಮಾಡಿದರು. ಈಗ ನಿಮ್ಮ ಪ್ರೋಗ್ರಾಂ ನಾಲ್ಕು ಚೌಕ ತೋರಿಸಬೇಕು. ಮೂರನೇ ಮನೆಯ ಗ ಸರಿಯಾದ ಜಾಗದಲ್ಲೇ ಇದೆ, ಅದು ಹಸಿರು. ರ ಮತ್ತು ಸ ಪದದಲ್ಲಿವೆ, ಆದರೆ ಬೇರೆ ಮನೆಯಲ್ಲಿ. ಅವು ಹಳದಿ. ಹಾಗಾದರೆ ಮೊದಲನೇ ಮನೆಯ ಗ?

ನಾನು ಮೊದಲ ಸಲ ಇಂಥ ಆಟ ಬರೆದಾಗ ಅದಕ್ಕೂ ಹಳದಿ ಬಳಿದಿದ್ದೆ. ಆಡಿದ ಗೆಳೆಯ ಇನ್ನೊಂದು ಗ ಎಲ್ಲಿದೆ ಎಂದು ಹುಡುಕಿ ಹುಡುಕಿ ಸೋತ. ಉತ್ತರ ನೋಡಿದ ಮೇಲೆ ಕೇಳಿದ: ‘ನಿನ್ನ ಆಟ ಸುಳ್ಳು ಹೇಳುತ್ತೆ ಅಲ್ವಾ?’ ಹೌದು, ಹೇಳುತ್ತಿತ್ತು. ಪದ ಊಹಿಸುವ ಆಟದಲ್ಲಿ ಸುಳಿವು ಕಡಿಮೆ ಇದ್ದರೂ ನಡೆಯುತ್ತದೆ, ಸುಳ್ಳು ಸುಳಿವು ಮಾತ್ರ ನಡೆಯುವುದಿಲ್ಲ. ಈ ಬರಹವೆಲ್ಲ ಆ ಒಂದು ಗ ಸುತ್ತಲೇ ತಿರುಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕಾಪಿ ಮಾಡಿ ಅಂಟಿಸುವ ಕೋಡ್ ಇಲ್ಲ. ಪ್ರತಿ ಹಂತವನ್ನೂ ಕನ್ನಡದಲ್ಲೇ, ಕೋಡಿನ ಆಕಾರದಲ್ಲೇ ಬರೆದಿದ್ದೇನೆ. ಒಂದೊಂದು ಸಾಲೂ ಪೈಥಾನಿನ ಒಂದೆರಡು ಸಾಲಾಗುತ್ತದೆ, ಅದನ್ನು ನೀವೇ ಬರೆಯಿರಿ. ಪೈಥಾನ್ 3ರಲ್ಲಿ ವೇರಿಯಬಲ್ ಮತ್ತು ಫಂಕ್ಷನ್‌ಗಳ ಹೆಸರನ್ನು ಕನ್ನಡದಲ್ಲೇ ಇಡಬಹುದು. ಹಾಗಾಗಿ ‘ಊಹೆ’, ‘ಉತ್ತರ’, ‘ಬಾಕಿ’ ಎಂಬ ಹೆಸರುಗಳನ್ನು ಇದ್ದ ಹಾಗೇ ಬಳಸಿದರೂ ಪ್ರೋಗ್ರಾಂ ಓಡುತ್ತದೆ. ಲೂಪ್, ಲಿಸ್ಟ್, ಫಂಕ್ಷನ್ ಗೊತ್ತಿದ್ದರೆ ಸಾಕು.

## ನಿಯಮವನ್ನು ಸರಿಯಾಗಿ ಹೇಳಿಕೊಳ್ಳೋಣ

ಇಂಥ ಸುಳಿವಿನ ಆಟ ಹೊಸದೇನಲ್ಲ. 1970ರ ದಶಕದಲ್ಲಿ ಬಂದ ಮಾಸ್ಟರ್‌ಮೈಂಡ್ ಆಟದಲ್ಲಿ ಬಣ್ಣದ ಗುಂಡುಗಳ ಸಾಲನ್ನು ಊಹಿಸಬೇಕಿತ್ತು. ಎಷ್ಟು ಗುಂಡು ಸರಿಯಾದ ಜಾಗದಲ್ಲಿವೆ, ಎಷ್ಟು ಬಣ್ಣ ಸರಿ ಇದ್ದೂ ಜಾಗ ತಪ್ಪಿವೆ ಎಂದು ಎದುರಿನವರು ಲೆಕ್ಕ ಹೇಳುತ್ತಿದ್ದರು. ಯಾವ ಗುಂಡು ಎಂದು ಹೇಳುತ್ತಿರಲಿಲ್ಲ. ಜಾಶ್ ವಾರ್ಡಲ್ ಮಾಡಿದ ವರ್ಡಲ್ 2021ರ ಅಕ್ಟೋಬರ್‌ನಲ್ಲಿ ಎಲ್ಲರ ಕೈಗೆ ಸಿಕ್ಕಿತು, 2022ರ ಜನವರಿಯಲ್ಲಿ ದ ನ್ಯೂಯಾರ್ಕ್ ಟೈಮ್ಸ್ ಅದನ್ನು ಕೊಂಡುಕೊಂಡಿತು. ಅದರಲ್ಲಿ ಐದಕ್ಷರದ ಪದ, ಆರು ಅವಕಾಶ, ಮತ್ತು ಸುಳಿವು ಒಂದೊಂದು ಅಕ್ಷರಕ್ಕೂ ಬೇರೆ ಬೇರೆ. ತಾಪತ್ರಯ ಶುರುವಾಗುವುದು ಇಲ್ಲೇ. ಬರೀ ಮೊತ್ತ ಹೇಳಿದರೆ ‘ಯಾವ ಗ’ ಎಂಬ ಪ್ರಶ್ನೆಯೇ ಬರುವುದಿಲ್ಲ.

ಸಾಮಾನ್ಯವಾಗಿ ನಿಯಮವನ್ನು ಹೀಗೆ ಹೇಳುತ್ತಾರೆ: ಅಕ್ಷರವೂ ಜಾಗವೂ ಸರಿ ಇದ್ದರೆ ಹಸಿರು. ಅಕ್ಷರ ಇದೆ, ಜಾಗ ತಪ್ಪು ಎಂದರೆ ಹಳದಿ. ಇಲ್ಲವೇ ಇಲ್ಲ ಎಂದರೆ ಬೂದು.

ಇದು ಅರ್ಧ ಸರಿ. ಪೂರ್ತಿ ನಿಯಮದಲ್ಲಿ ಒಂದು ಲೆಕ್ಕ ಇದೆ. ಉತ್ತರದಲ್ಲಿರುವ ಪ್ರತಿಯೊಂದು ಅಕ್ಷರವೂ ಒಂದೇ ಒಂದು ಬಣ್ಣ ಕೊಡಬಲ್ಲದು. ಕೊಟ್ಟ ಮೇಲೆ ಅದು ಖರ್ಚಾಯಿತು. ಸಡಗರದಲ್ಲಿ ಇರುವುದು ಒಂದೇ ಗ. ಅದನ್ನು ಮೂರನೇ ಮನೆ ಹಸಿರಿಗೆ ತೆಗೆದುಕೊಂಡಿತು. ಮೊದಲನೇ ಮನೆಗೆ ಕೊಡಲು ಏನೂ ಉಳಿದಿಲ್ಲ, ಆದ್ದರಿಂದ ಅದು ಬೂದು. ಅಂದರೆ ಬೂದು ಬಣ್ಣದ ನಿಜವಾದ ಅರ್ಥ ‘ಈ ಅಕ್ಷರ ಇಲ್ಲ’ ಅಲ್ಲ, ‘ಇನ್ನು ಉಳಿದಿಲ್ಲ’.

## ಎಲ್ಲರೂ ಮೊದಲು ಬರೆಯುವ ತಪ್ಪು ಕೋಡ್

```
ಪ್ರತಿಯೊಂದು ಮನೆಗೂ:
    ಊಹೆಯ ಅಕ್ಷರ == ಉತ್ತರದ ಅಕ್ಷರ ಆದರೆ: ಹಸಿರು
    ಊಹೆಯ ಅಕ್ಷರ ಉತ್ತರದ ಒಳಗೆ ಎಲ್ಲಾದರೂ ಇದ್ದರೆ: ಹಳದಿ
    ಇಲ್ಲವಾದರೆ: ಬೂದು
```

ಒಂದು ಫಾರ್ ಲೂಪ್, ಒಂದು ಇಫ್, ಒಂದು ಎಲಿಫ್, ಒಂದು ಎಲ್ಸ್. ನೋಡಲು ಎಷ್ಟು ಚೆಂದ! ಎಲ್ಲ ಅಕ್ಷರಗಳೂ ಬೇರೆ ಬೇರೆ ಇರುವ ಪದಗಳಿಗೆ ಸರಿಯಾಗಿಯೇ ಕೆಲಸ ಮಾಡುತ್ತದೆ. ಅದಕ್ಕೇ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ.

ಈಗ ಉತ್ತರ ‘ಅವಸರ’ ಇರಲಿ, ಊಹೆ ‘ಸರಸರ’. ಮೇಲಿನ ಕೋಡ್ ಕೊಡುವುದು 🟨🟨🟩🟩. ಆಡುವವರು ಇದನ್ನು ನಂಬಿದರೆ ಪದದಲ್ಲಿ ಎರಡು ಸ, ಎರಡು ರ ಇವೆ, ಕೊನೆಯ ಎರಡು ಮನೆ ಸರಿ, ಮೊದಲ ಎರಡು ಅದಲುಬದಲು ಎಂದುಕೊಳ್ಳಬೇಕು. ಅಂದರೆ ಉತ್ತರ ‘ರಸಸರ’! ಅಂಥ ಪದ ಯಾವ ನಿಘಂಟಿನಲ್ಲೂ ಸಿಗುವುದಿಲ್ಲ. ಸರಿಯಾದ ಸುಳಿವು ⬜⬜🟩🟩. (ಬೂದು ಬಣ್ಣದ ಚೌಕದ ಎಮೋಜಿ ಇಲ್ಲ, ಅದಕ್ಕೆ ಬಿಳಿಯನ್ನೇ ಇಟ್ಟಿದ್ದೇನೆ.)

ತಪ್ಪಿನ ಮೂಲ ‘ಎಲ್ಲಾದರೂ ಇದ್ದರೆ’ ಎಂಬ ಮಾತು. ಪೈಥಾನಿನ ‘ಇನ್’ ಇದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಎಷ್ಟಿದೆ ಎಂದು ಹೇಳುವುದಿಲ್ಲ.

ಸರಿ, ಬಳಸಿದ ಅಕ್ಷರವನ್ನು ಹೊಡೆದುಹಾಕುತ್ತಾ ಹೋದರಾಯಿತು ಎಂದು ಮುಂದಿನ ಯೋಚನೆ ಬರುತ್ತದೆ. ಅದೂ ಸಾಲದು. ಸಡಗರ-ಗರಗಸವನ್ನೇ ತೆಗೆದುಕೊಳ್ಳಿ. ಎಡದಿಂದ ಹೊರಟರೆ ಮೊದಲನೇ ಮನೆಯ ಗ ಬಂದು ಇದ್ದ ಒಂದೇ ಗ ಅನ್ನು ಹಳದಿಗೆ ಖರ್ಚು ಮಾಡಿಬಿಡುತ್ತದೆ. ಮೂರನೇ ಮನೆಗೆ ಬಂದಾಗ ಪೆಟ್ಟಿಗೆ ಖಾಲಿ. ಅಲ್ಲಿ ಉಳಿಕೆ ನೋಡಿ ಬೂದು ಕೊಟ್ಟರೆ ಹಸಿರಿಗೆ ಮೋಸ. ನೋಡದೆ ಹಸಿರು ಕೊಟ್ಟರೆ ಒಂದು ಗ ಎರಡು ಬಣ್ಣ ಕೊಟ್ಟಂತಾಯಿತು. ಎರಡೂ ತಪ್ಪು. ಮುಂದೆ ಹಸಿರು ಇದೆಯೋ ಎಂದು ಗೊತ್ತಾಗುವ ಮುಂಚೆ ಹಳದಿ ಹಂಚುವಂತಿಲ್ಲ. ಅದಕ್ಕೇ ಎರಡು ಸುತ್ತು ಬೇಕು.

## ಎರಡು ಸುತ್ತಿನ ಲೆಕ್ಕ

ಬಣ್ಣದ ಬದಲು ಅಂಕಿ ಇಟ್ಟುಕೊಳ್ಳೋಣ: 0 ಬೂದು, 1 ಹಳದಿ, 2 ಹಸಿರು. ಅಂಕಿ ಯಾಕೆ ಎಂಬುದು ಕೀಬೋರ್ಡ್ ತೋರಿಸುವಾಗ ಗೊತ್ತಾಗುತ್ತದೆ.

```
ಹೋಲಿಸು(ಊಹೆ, ಉತ್ತರ):
    ಫಲ = ಊಹೆಯ ಉದ್ದದಷ್ಟು ಸೊನ್ನೆಗಳ ಲಿಸ್ಟ್
    ಬಾಕಿ = ಖಾಲಿ ಕೌಂಟರ್

    ಮೊದಲ ಸುತ್ತು, ಪ್ರತಿಯೊಂದು ಮನೆಗೂ:
        ಎರಡೂ ಅಕ್ಷರ ಒಂದೇ ಆದರೆ:
            ಫಲ[ಮನೆ] = 2
        ಇಲ್ಲವಾದರೆ:
            ಬಾಕಿ[ಉತ್ತರದ ಅಕ್ಷರ] += 1

    ಎರಡನೇ ಸುತ್ತು, ಪ್ರತಿಯೊಂದು ಮನೆಗೂ:
        ಫಲ[ಮನೆ] ಆಗಲೇ 2 ಆಗಿದ್ದರೆ: ಮುಂದಕ್ಕೆ ಹೋಗು
        ಬಾಕಿ[ಊಹೆಯ ಅಕ್ಷರ] > 0 ಆದರೆ:
            ಫಲ[ಮನೆ] = 1
            ಬಾಕಿ[ಊಹೆಯ ಅಕ್ಷರ] -= 1

    ಫಲ ಹಿಂದಿರುಗಿಸು
```

ಮೊದಲ ಸುತ್ತಿನಲ್ಲಿ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಹಸಿರು ಗೊತ್ತಾಗುತ್ತದೆ, ಹಸಿರಾಗದೆ ಉಳಿದ ಉತ್ತರದ ಅಕ್ಷರಗಳು ಎಷ್ಟೆಷ್ಟು ಎಂದೂ ಬರೆದುಕೊಂಡಾಗುತ್ತದೆ. ಗಮನಿಸಿ, ಬಾಕಿಗೆ ಹೋಗುವುದು ಉತ್ತರದ ಅಕ್ಷರ, ಊಹೆಯದಲ್ಲ. ಇಲ್ಲಿ ಕೈ ತಪ್ಪಿ ಊಹೆಯ ಅಕ್ಷರ ಹಾಕುವವರು ಜಾಸ್ತಿ. ಆಗ ಎಲ್ಲವೂ ಹಳದಿಯಾಗಿ ಬಂದು ತಲೆ ಕೆಡುತ್ತದೆ.

ಸಡಗರ-ಗರಗಸವನ್ನು ಇದರಲ್ಲಿ ಓಡಿಸಿ ನೋಡೋಣ. ಮೊದಲ ಸುತ್ತು: 1ನೇ ಮನೆಯಲ್ಲಿ ಗ ಎದುರು ಸ, ಸೇರಲಿಲ್ಲ, ಬಾಕಿಗೆ ಸ. 2ರಲ್ಲಿ ರ ಎದುರು ಡ, ಬಾಕಿಗೆ ಡ. 3ರಲ್ಲಿ ಗ ಎದುರು ಗ, ಹಸಿರು. 4ರಲ್ಲಿ ಸ ಎದುರು ರ, ಬಾಕಿಗೆ ರ. ಈಗ ಬಾಕಿಯಲ್ಲಿ ಸ, ಡ, ರ ತಲಾ ಒಂದು. ಗ ಇಲ್ಲವೇ ಇಲ್ಲ.

ಎರಡನೇ ಸುತ್ತು: 1ನೇ ಮನೆಯ ಗ ಬಂದು ಕೇಳುತ್ತದೆ, ಬಾಕಿ ಸೊನ್ನೆ, ಬೂದು. 2ನೇ ಮನೆಯ ರ ಕೇಳುತ್ತದೆ, ಒಂದಿದೆ, ಹಳದಿ. 3 ಆಗಲೇ ಹಸಿರು. 4ನೇ ಮನೆಯ ಸ ಕೇಳುತ್ತದೆ, ಒಂದಿದೆ, ಹಳದಿ. ಫಲ 0, 1, 2, 1. ಅಂದರೆ ⬜🟨🟩🟨. ಗೆಳೆಯನಿಗೆ ಅಂದು ಸಿಗಬೇಕಿದ್ದ ಸುಳಿವು ಇದು.

ಇಷ್ಟರಲ್ಲಿ ಪೈಥಾನಿನ ನಾಲ್ಕು ಸಂಗತಿ ಹೇಳಬೇಕು. ‘ಬಾಕಿ’ಗೆ ಕಲೆಕ್ಷನ್ಸ್ ಮಾಡ್ಯೂಲಿನ ಕೌಂಟರ್ ಬಳಸಿ. ಇಲ್ಲದ ಅಕ್ಷರ ಕೇಳಿದರೂ ಅದು ಎರರ್ ಎಸೆಯುವುದಿಲ್ಲ, ಸುಮ್ನೆ 0 ಎನ್ನುತ್ತದೆ. ಮಾಮೂಲಿ ಡಿಕ್ಷನರಿ ಆದರೆ ಕೀ ಎರರ್ ಬರುತ್ತದೆ. ಮನೆಗಳ ಮೇಲೆ ಓಡಲು ಎನ್ಯೂಮರೇಟ್ ಮತ್ತು ಜಿಪ್ ಜೋಡಿ ಅನುಕೂಲ. ಆದರೆ ಜಿಪ್‌ಗೆ ಒಂದು ಕೆಟ್ಟ ಚಾಳಿ ಇದೆ, ಎರಡು ಪದಗಳ ಉದ್ದ ಬೇರೆ ಇದ್ದರೆ ಚಿಕ್ಕದು ಮುಗಿದ ಕೂಡಲೇ ಸದ್ದಿಲ್ಲದೆ ನಿಂತುಬಿಡುತ್ತದೆ. ಪೈಥಾನ್ 3.10ರಿಂದ ಅದಕ್ಕೆ ‘ಸ್ಟ್ರಿಕ್ಟ್’ ಎಂಬ ಆಯ್ಕೆ ಬಂದಿದೆ. ಅದನ್ನು ಟ್ರೂ ಎಂದು ಇಟ್ಟರೆ ಉದ್ದ ಬೇರೆಯಾದಾಗ ಎರರ್ ಕೊಡುತ್ತದೆ. ಇನ್ನು, ಫಲವನ್ನು ಸ್ಟ್ರಿಂಗ್ ಮಾಡಲು ಹೋಗಬೇಡಿ. ಸ್ಟ್ರಿಂಗ್‌ನ ನಡುವಿನ ಒಂದು ಅಕ್ಷರವನ್ನು ಬದಲಿಸಲು ಪೈಥಾನ್ ಬಿಡುವುದಿಲ್ಲ, ಲಿಸ್ಟೇ ಬೇಕು.

ಎರಡನೇ ಸುತ್ತಿನ ‘ಮುಂದಕ್ಕೆ ಹೋಗು’ ಸಾಲು ಅನಾವಶ್ಯಕ ಅನಿಸಬಹುದು. ತೆಗೆದು ನೋಡಿ. ಉತ್ತರ ‘ಸರಸರ’, ಊಹೆ ‘ಅವಸರ’. ಮೊದಲ ಸುತ್ತಿನಲ್ಲಿ ಕೊನೆಯ ಎರಡು ಮನೆ ಹಸಿರು. ಬಾಕಿಯಲ್ಲಿ ಇನ್ನೂ ಒಂದು ಸ, ಒಂದು ರ ಉಳಿದಿವೆ. ಎರಡನೇ ಸುತ್ತು ಹಸಿರಾದ ಸ ಹತ್ತಿರ ಬಂದಾಗ ‘ಓ, ಬಾಕಿ ಇದೆ’ ಎಂದು ಅದರ ಮೇಲೆ ಹಳದಿ ಬಳಿದುಬಿಡುತ್ತದೆ.

## ಬಣ್ಣ ಬಳಿಯುವ ಮುಂಚೆ ಪರೀಕ್ಷೆ

ಹೋಲಿಸುವ ಫಂಕ್ಷನ್ ಒಳಗೆ ಒಂದೂ ಪ್ರಿಂಟ್ ಇಲ್ಲದಿರುವುದನ್ನು ನೋಡಿದಿರಾ? ಬೇಕೆಂದೇ ಹಾಗೆ ಮಾಡಿದ್ದು. ಲೆಕ್ಕ ಒಂದು ಕಡೆ, ತೋರಿಸುವುದು ಇನ್ನೊಂದು ಕಡೆ. ಎರಡನ್ನೂ ಕಲಸಿದರೆ ಪ್ರತಿ ಸಲ ಆಟ ಆಡಿಯೇ ತಪ್ಪು ಹುಡುಕಬೇಕು. ಬೇರೆ ಇಟ್ಟರೆ ಅಸರ್ಟ್ ಸಾಲುಗಳಲ್ಲಿ (ಹೇಳಿದ್ದು ನಿಜವಲ್ಲದಿದ್ದರೆ ಎರರ್ ಕೊಡುವ ಸಾಲುಗಳು) ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ. ಈ ಪಟ್ಟಿಯನ್ನು ಹಾಗೇ ಅಸರ್ಟ್‌ಗಳಾಗಿ ಬರೆದಿಡಿ:

```
ಉತ್ತರ     ಊಹೆ      ಬರಬೇಕಾದ ಫಲ
ಸಡಗರ     ಗರಗಸ     0 1 2 1
ಗರಗಸ     ಸಡಗರ     1 0 2 1
ಹಗರಣ     ಗರಗಸ     1 1 0 0
ಅವಸರ     ಸರಸರ     0 0 2 2
ಸರಸರ     ಅವಸರ     0 0 2 2
ಹಗರಣ     ಕಲಕಲ     0 0 0 0
ಗರಗಸ     ಗರಗಸ     2 2 2 2
```

ಮೂರನೇ ಸಾಲು ನೋಡಿ. ಹಗರಣದಲ್ಲಿ ಒಂದು ಗ. ಊಹೆಯಲ್ಲಿ ಎರಡು ಗ, ಎರಡೂ ತಪ್ಪು ಜಾಗದಲ್ಲಿ. ಯಾವುದಕ್ಕೆ ಹಳದಿ? ಎಡಗಡೆಯದಕ್ಕೆ. ಇದರಲ್ಲಿ ತರ್ಕವೇನೂ ಇಲ್ಲ, ರೂಢಿ ಅಷ್ಟೇ. ನಮ್ಮ ಎರಡನೇ ಸುತ್ತು ಎಡದಿಂದ ಬಲಕ್ಕೆ ಹೋಗುವುದರಿಂದ ತಾನಾಗಿಯೇ ಹಾಗಾಗುತ್ತದೆ.

ಪದ ಒಂದೊಂದಾಗಿ ಬರೆದು ಪರೀಕ್ಷಿಸುವುದಕ್ಕಿಂತ ನನಗೆ ಹೆಚ್ಚು ಇಷ್ಟವಾದ ಇನ್ನೊಂದು ಉಪಾಯ ಇದೆ. ಫಲದಲ್ಲಿ ಬಣ್ಣ ಬಂದ ಮನೆಗಳು, ಅಂದರೆ 1 ಮತ್ತು 2 ಸೇರಿ, ಎಷ್ಟಿರಬೇಕು? ಎರಡೂ ಪದಗಳಿಗೆ ಸಾಮಾನ್ಯವಾದ ಅಕ್ಷರಗಳು ಎಷ್ಟಿವೆಯೋ ಅಷ್ಟೇ. ಅದನ್ನು ಬೇರೆ ದಾರಿಯಲ್ಲಿ ಎಣಿಸಬಹುದು. ಎರಡೂ ಪದಗಳಿಗೆ ಕೌಂಟರ್ ಮಾಡಿ, ನಡುವೆ ‘&’ ಚಿಹ್ನೆ ಹಾಕಿ. ಪ್ರತಿ ಅಕ್ಷರಕ್ಕೂ ಎರಡರಲ್ಲಿ ಚಿಕ್ಕ ಎಣಿಕೆ ಉಳಿಯುತ್ತದೆ. ಅದನ್ನು ಕೂಡಿದರೆ ಬರುವ ಮೊತ್ತವೂ ಫಲದ ಬಣ್ಣದ ಮೊತ್ತವೂ ಒಂದೇ ಇರಬೇಕು. ನಿಮ್ಮ ಪದಪಟ್ಟಿಯ ಎಲ್ಲ ಜೋಡಿಗಳ ಮೇಲೂ ಇದನ್ನು ಓಡಿಸಿ. ತಪ್ಪು ಕೋಡ್ ಒಂದು ಕ್ಷಣವೂ ಬದುಕುವುದಿಲ್ಲ. ಉತ್ತರ-ಊಹೆ ಅದಲುಬದಲು ಮಾಡಿದರೂ ಈ ಮೊತ್ತ ಬದಲಾಗಬಾರದು. ಪಟ್ಟಿಯ ಮೊದಲ ಎರಡು ಸಾಲಿನಲ್ಲಿ ಎರಡು ಕಡೆಯೂ ಮೂರು ಬಂದಿದೆ ನೋಡಿ.

ಇನ್ನೊಂದು ತಮಾಷೆಯ ಪರೀಕ್ಷೆ. ಐದು ಮನೆ, ಮೂರು ಬಣ್ಣ, ಒಟ್ಟು 243 ಬಗೆ. ಆದರೆ ನಾಲ್ಕು ಹಸಿರು ಒಂದು ಹಳದಿ ಎಂದೂ ಬರಲಾರದು. ನಾಲ್ಕು ಸರಿ ಕೂತ ಮೇಲೆ ಐದನೆಯದು ಹೋಗಲು ಬೇರೆ ಜಾಗ ಎಲ್ಲಿದೆ? ಹಾಗಾಗಿ 5 ಬಗೆ ಕಳೆದು 238 ಮಾತ್ರ ಸಾಧ್ಯ. ನಮ್ಮ ನಾಲ್ಕು ಮನೆಗೆ 81ರಲ್ಲಿ 4 ಕಳೆದು 77. ಒಂದೇ ಒಂದು ಹಳದಿ, ಉಳಿದೆಲ್ಲ ಹಸಿರು ಎಂದು ಎಲ್ಲಾದರೂ ಕಂಡರೆ ಕೋಡ್ ಕೆಟ್ಟಿದೆ ಎಂದೇ ಅರ್ಥ.

## ಈಗ ತೋರಿಸೋಣ

ಅತಿ ಸುಲಭದ ದಾರಿ ಎಮೋಜಿ. ಮೂರು ಚೌಕಗಳ ಲಿಸ್ಟ್ ಮಾಡಿ, 0ನೇ ಜಾಗದಲ್ಲಿ ⬜, 1ರಲ್ಲಿ 🟨, 2ರಲ್ಲಿ 🟩. ಫಲದ ಪ್ರತಿ ಅಂಕಿಗೂ ಆ ಲಿಸ್ಟಿನಿಂದ ಒಂದು ತೆಗೆದು ಜೋಡಿಸಿದರೆ ಮುಗಿಯಿತು. ಹಳದಿ ಮತ್ತು ಹಸಿರು ಚೌಕ ಯೂನಿಕೋಡ್‌ಗೆ ಸೇರಿದ್ದು 2019ರಲ್ಲಿ, 12.0 ಆವೃತ್ತಿಯಲ್ಲಿ. ಹಳೆಯ ಸಿಸ್ಟಮ್‌ಗಳಲ್ಲಿ ಖಾಲಿ ಡಬ್ಬಿ ಕಂಡರೆ ಕಾರಣ ಅದೇ. ಟರ್ಮಿನಲ್‌ನಲ್ಲಿ ಒಂದು ಎಮೋಜಿ ಸಾಮಾನ್ಯವಾಗಿ ಎರಡು ಅಕ್ಷರದ ಜಾಗ ತಿನ್ನುತ್ತದೆ. ಅದಕ್ಕೆ ಮೇಲೆ ಪದ, ಕೆಳಗೆ ಚೌಕ ಎಂದು ಬರೆದಾಗ ನೇರ ಕೂರುವುದಿಲ್ಲ. ಅಕ್ಷರಗಳ ನಡುವೆ ಸ್ಪೇಸ್ ಹಾಕಿ ನೋಡಿ, ಸುಮಾರಾಗಿ ಸರಿಹೋಗುತ್ತದೆ.

ಅಕ್ಷರದ ಹಿಂದೆಯೇ ಬಣ್ಣ ಬೇಕು ಎಂದರೆ ಆನ್ಸಿ ಕೋಡ್‌ಗಳಿವೆ. ಟರ್ಮಿನಲ್‌ಗೆ ಕಳಿಸುವ ಗುಟ್ಟಿನ ಸೂಚನೆ ಇದು. ಬರೆಯುವ ಕ್ರಮ ಹೀಗೆ: ಮೊದಲು ಬ್ಯಾಕ್‌ಸ್ಲ್ಯಾಶ್, ಅದರ ಬೆನ್ನಿಗೇ 033, ಆಮೇಲೆ ತೆರೆದ ಚೌಕ ಆವರಣ, ಆಮೇಲೆ ಬಣ್ಣದ ಅಂಕಿ, ಕೊನೆಗೆ ಇಂಗ್ಲಿಷಿನ ಸಣ್ಣ ಎಂ ಅಕ್ಷರ. ನಡುವೆ ಸ್ಪೇಸ್ ಇರಬಾರದು. ಹಿನ್ನೆಲೆಗೆ ಹಸಿರು 42, ಹಳದಿ 43, ಬೂದು 100. ಕಪ್ಪು ಅಕ್ಷರ ಬೇಕಿದ್ದರೆ 30, ಎರಡು ಅಂಕಿಗಳ ನಡುವೆ ಅರ್ಧವಿರಾಮ. ಪ್ರತಿ ಅಕ್ಷರ ಮುಗಿದ ಮೇಲೆ ಅದೇ ಕ್ರಮದಲ್ಲಿ 0 ಕಳಿಸಿ. ಅದು ಬಣ್ಣ ಆರಿಸುವ ಸ್ವಿಚ್. ಮರೆತರೆ ಆಟ ಮುಗಿದ ಮೇಲೂ ಟರ್ಮಿನಲ್ ಹಳದಿಯಾಗಿಯೇ ಉಳಿಯುತ್ತದೆ. ಹಳೆಯ ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಬಣ್ಣದ ಬದಲು ಚೌಕ ಆವರಣ, ಅಂಕಿಗಳೇ ಕಾಣಬಹುದು. ಆಗ ಕಲರಮಾ ಎಂಬ ಲೈಬ್ರರಿ ಹಾಕಿಕೊಳ್ಳಿ.

ಬಣ್ಣವನ್ನೇ ಪೂರ್ತಿ ನಂಬಬೇಡಿ. ಹಸಿರು-ಹಳದಿ ಬೇರ್ಪಡಿಸಿ ನೋಡಲಾಗದ ಕಣ್ಣುಗಳು ಬಹಳ ಇವೆ. ಅದಕ್ಕೇ ವರ್ಡಲ್‌ನಲ್ಲೂ ಕಿತ್ತಳೆ-ನೀಲಿ ಬಣ್ಣದ ಆಯ್ಕೆ ಇದೆ. ಟರ್ಮಿನಲ್‌ನಲ್ಲಿ ಇನ್ನೂ ಸುಲಭ: ಹಸಿರಿಗೆ [ಗ], ಹಳದಿಗೆ (ರ), ಬೂದಿಗೆ ಬರೀ ಅಕ್ಷರ. ನಮ್ಮ ಉದಾಹರಣೆ ಹೀಗೆ ಕಾಣುತ್ತದೆ:

```
 ಗ  (ರ) [ಗ] (ಸ)
```

ನಾನು ಇದನ್ನೇ ಮೊದಲು ಬರೆದು, ಬಣ್ಣವನ್ನು ಆಮೇಲೆ ಸೇರಿಸುತ್ತೇನೆ. ಲಾಗ್‌ನಲ್ಲೂ ಓದಬಹುದು, ಯಾರಿಗಾದರೂ ಕಳಿಸಿದರೂ ಕೆಡುವುದಿಲ್ಲ.

## ಆಟದ ಲೂಪ್

ಇದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ರ‍್ಯಾಂಡಮ್ ಮಾಡ್ಯೂಲಿನ ಚಾಯ್ಸ್ ಬಳಸಿ ಪಟ್ಟಿಯಿಂದ ಒಂದು ಪದ ಎತ್ತಿ. ಆರು ಸಲ ಇನ್‌ಪುಟ್ ಕೇಳಿ. ಬಂದ ಊಹೆಗೆ ಸ್ಟ್ರಿಪ್ ಹಾಕಿ, ಹಿಂದೆ ಮುಂದೆ ಸ್ಪೇಸ್ ಅಂಟಿಕೊಂಡಿರುತ್ತದೆ. ಉದ್ದ ಸರಿಯೇ, ಪಟ್ಟಿಯಲ್ಲಿ ಇದೆಯೇ ನೋಡಿ. ತಪ್ಪಿದ್ದರೆ ಅವಕಾಶ ಕಳೆಯದೆ ಮತ್ತೆ ಕೇಳಿ. ಟೈಪಿಂಗ್ ತಪ್ಪಿಗೆ ಒಂದು ಅವಕಾಶ ಕಿತ್ತುಕೊಂಡರೆ ಯಾರಿಗಾದರೂ ಸಿಟ್ಟು ಬರುತ್ತದೆ. ಫಲದಲ್ಲಿ ಎಲ್ಲವೂ 2 ಆದರೆ ಗೆಲುವು.

ಪದಪಟ್ಟಿಯನ್ನು ಸೆಟ್ ಆಗಿ ಇಟ್ಟುಕೊಳ್ಳಿ, ಒಂದೇ ದೊಡ್ಡ ಸ್ಟ್ರಿಂಗ್ ಆಗಿ ಅಲ್ಲ. ಸ್ಟ್ರಿಂಗ್ ಆದರೆ ‘ಇನ್’ ಮತ್ತೆ ಕೈಕೊಡುತ್ತದೆ. ಏನೂ ಬರೆಯದೆ ಎಂಟರ್ ಒತ್ತಿದರೆ ಬರುವ ಖಾಲಿ ಸ್ಟ್ರಿಂಗ್ ಎಲ್ಲ ಸ್ಟ್ರಿಂಗ್‌ಗಳ ಒಳಗೂ ‘ಇದೆ’ ಎನ್ನುತ್ತದೆ ಪೈಥಾನ್. ಚಾಯ್ಸ್‌ಗೆ ಸೆಟ್ ಕೊಟ್ಟರೆ ಎರರ್ ಬರುತ್ತದೆ, ಅದಕ್ಕೊಂದು ಲಿಸ್ಟ್ ಬೇರೆ ಇರಲಿ.

## ಕೀಬೋರ್ಡಿನ ಬಣ್ಣ

ನಾಲ್ಕೈದು ಊಹೆ ಆದ ಮೇಲೆ ಯಾವ ಅಕ್ಷರ ಏನಾಗಿತ್ತು ಎಂದು ನೆನಪಿಟ್ಟುಕೊಳ್ಳುವುದು ಕಷ್ಟ. ಕೆಳಗೆ ಬಳಸಿದ ಅಕ್ಷರಗಳ ಸಾಲೊಂದನ್ನು ಬಣ್ಣ ಸಮೇತ ತೋರಿಸಿದರೆ ಆಟ ಸಲೀಸಾಗುತ್ತದೆ. ‘ಸ್ಥಿತಿ’ ಎಂಬ ಡಿಕ್ಷನರಿ ಇಡಿ, ಅಕ್ಷರಕ್ಕೊಂದು ಅಂಕಿ.

ಹೊಸ ಫಲ ಬಂದ ಕೂಡಲೇ ಹಳೆಯದರ ಮೇಲೆ ಬರೆಯುವುದು ಇಲ್ಲಿನ ಮಾಮೂಲಿ ತಪ್ಪು. ಮೊದಲ ಊಹೆಯಲ್ಲಿ ಹಸಿರಾದ ರ ಎರಡನೇ ಊಹೆಯಲ್ಲಿ ಬೇರೆ ಮನೆಗೆ ಹೋಗಿ ಹಳದಿಯಾಯಿತು ಅಂತಿಟ್ಟುಕೊಳ್ಳಿ. ಕೀಬೋರ್ಡಿನಲ್ಲಿ ಹಸಿರು ಅಳಿಸಿ ಹಳದಿ ಬಂದರೆ ಆಡುವವರು ಗಳಿಸಿದ ತಿಳಿವಳಿಕೆಯನ್ನು ಕಸಿದುಕೊಂಡ ಹಾಗೆ. ಬಣ್ಣ ಮೇಲೇರಬಹುದು, ಕೆಳಗಿಳಿಯಬಾರದು. ಬಣ್ಣಗಳನ್ನು 0, 1, 2 ಎಂದು ಇಟ್ಟದ್ದು ಇದಕ್ಕೇ. ಹಳೆಯದು ಮತ್ತು ಹೊಸದರ ನಡುವೆ ಮ್ಯಾಕ್ಸ್ ತೆಗೆದುಕೊಂಡರೆ ಒಂದೇ ಸಾಲಿನಲ್ಲಿ ಕೆಲಸ ಮುಗಿಯಿತು. ಹಿಂದೆ ಕಾಣದ ಅಕ್ಷರಕ್ಕೆ ಹಳೆಯ ಅಂಕಿ 0 ಎಂದುಕೊಳ್ಳಿ, ಡಿಕ್ಷನರಿಯ ಗೆಟ್‌ಗೆ ಎರಡನೇ ಬೆಲೆಯಾಗಿ 0 ಕೊಟ್ಟರಾಯಿತು.

ನಮ್ಮ ಗರಗಸ ಇಲ್ಲೂ ಪಾಠ ಕಲಿಸುತ್ತದೆ. ಒಂದೇ ಊಹೆಯಲ್ಲಿ ಗ ಒಮ್ಮೆ 0, ಒಮ್ಮೆ 2. ಮ್ಯಾಕ್ಸ್ ಇದ್ದರೆ ಯಾವ ಕ್ರಮದಲ್ಲಿ ಬಂದರೂ ಕೀಬೋರ್ಡಿನಲ್ಲಿ ಗ ಹಸಿರಾಗಿಯೇ ಉಳಿಯುತ್ತದೆ.

## ಕನ್ನಡ ಪದಗಳಿಗೆ ಬಂದಾಗ

ಇಲ್ಲಿಯವರೆಗೆ ಬಳಸಿದ ಪದಗಳನ್ನು ಇನ್ನೊಮ್ಮೆ ನೋಡಿ. ಸಡಗರ, ಗರಗಸ, ಹಗರಣ, ಅವಸರ. ಒಂದರಲ್ಲೂ ದೀರ್ಘ ಇಲ್ಲ, ಕೊಂಬು ಇಲ್ಲ, ಒತ್ತು ಇಲ್ಲ. ನಾನು ಜಾಣತನದಿಂದ ತಪ್ಪಿಸಿಕೊಂಡಿದ್ದೆ. ‘ಕನ್ನಡ’ ಎಂಬ ಪದದ ಉದ್ದವನ್ನು ಲೆನ್ ಫಂಕ್ಷನ್‌ಗೆ ಕೇಳಿ. ನಮ್ಮ ಕಣ್ಣಿಗೆ ಮೂರಕ್ಷರ, ಪೈಥಾನ್ 5 ಎನ್ನುತ್ತದೆ. ಅದು ಎಣಿಸುವುದು ಯೂನಿಕೋಡ್ ಚಿಹ್ನೆಗಳನ್ನು: ಕ, ನ, ಹಲಂತದ ಚಿಹ್ನೆ, ಮತ್ತೊಂದು ನ, ಡ. ‘ಪುಸ್ತಕ’ಕ್ಕೆ 6, ‘ಅಕ್ಕ’ನಿಗೆ 4.

ಇದೇ ಸ್ಟ್ರಿಂಗ್‌ಗಳನ್ನು ಹೋಲಿಸುವ ಫಂಕ್ಷನ್‌ಗೆ ಕೊಟ್ಟರೆ ಬರೀ ಹಲಂತಕ್ಕೆ ಒಂದು ಚೌಕ, ಬರೀ ಕೊಂಬಿಗೆ ಒಂದು ಚೌಕ ಬರುತ್ತದೆ. ತೋರಿಸುವಾಗ ಚುಕ್ಕಿಗಳ ಬಳೆಯ ಪಕ್ಕ ಒಂಟಿ ಕೊಂಬು ನೇತಾಡುತ್ತದೆ. ಅಕ್ಷರದ ನಡುವೆ ಆನ್ಸಿ ಕೋಡ್ ತೂರಿದರೆ ಒತ್ತಕ್ಷರವೇ ಒಡೆದುಹೋಗುತ್ತದೆ. ಒಟ್ಟಿನಲ್ಲಿ ರಾದ್ಧಾಂತ.

ಮದ್ದು ಸರಳ. ಹೋಲಿಸುವ ಫಂಕ್ಷನ್ ಮುಟ್ಟಬೇಡಿ. ಅದಕ್ಕೆ ಸ್ಟ್ರಿಂಗ್ ಬದಲು ಅಕ್ಷರಗಳ ಲಿಸ್ಟ್ ಕೊಡಿ. ಲಿಸ್ಟಿನ ಒಂದೊಂದು ತುಂಡೂ ನಾವು ಅಕ್ಷರ ಎನ್ನುವಂಥದ್ದು: ಪು, ಸ್ತ, ಕ. ಒಡೆಯುವ ನಿಯಮವೂ ದೊಡ್ಡದೇನಲ್ಲ. ಸ್ವರ ಅಥವಾ ವ್ಯಂಜನ ಬಂದರೆ ಹೊಸ ತುಂಡು. ಅದರ ಹಿಂದೆ ಹಲಂತ ಇದ್ದರೆ ಮಾತ್ರ ಅದು ಒತ್ತಕ್ಷರ, ಹಳೆಯ ತುಂಡಿಗೇ ಸೇರಬೇಕು. ಉಳಿದೆಲ್ಲ ಚಿಹ್ನೆಗಳೂ ಹಿಂದಿನದಕ್ಕೆ ಅಂಟಿಕೊಳ್ಳುತ್ತವೆ.

```
ಅಕ್ಷರಗಳು(ಪದ):
    ಪದವನ್ನು ಎನ್‌ಎಫ್‌ಸಿ ರೂಪಕ್ಕೆ ತರು
    ತುಂಡುಗಳು = ಖಾಲಿ ಲಿಸ್ಟ್
    ಹಿಂದಿನದು = ಖಾಲಿ ಸ್ಟ್ರಿಂಗ್
    ಪದದ ಪ್ರತಿ ಚಿಹ್ನೆಗೂ:
        ಅಂಟು = ಚಿಹ್ನೆ ಗುಣಿತದ್ದು, ಅಥವಾ ಚಿಹ್ನೆ 8204 ಇಲ್ಲವೇ 8205,
               ಅಥವಾ ಹಿಂದಿನದು ಹಲಂತ
        ತುಂಡುಗಳು ಖಾಲಿ ಇಲ್ಲ, ಅಂಟು ನಿಜ ಆದರೆ:
            ಕೊನೆಯ ತುಂಡಿಗೆ ಚಿಹ್ನೆ ಸೇರಿಸು
        ಇಲ್ಲವಾದರೆ:
            ಚಿಹ್ನೆಯನ್ನು ಹೊಸ ತುಂಡಾಗಿ ಸೇರಿಸು
        ಹಿಂದಿನದು = ಚಿಹ್ನೆ
    ತುಂಡುಗಳು ಹಿಂದಿರುಗಿಸು
```

‘ಚಿಹ್ನೆ ಗುಣಿತದ್ದು’ ಎಂದು ತಿಳಿಯಲು ಯೂನಿಕೋಡ್‌ಡೇಟಾ ಮಾಡ್ಯೂಲಿನ ಕೆಟಗರಿ ಫಂಕ್ಷನ್ ಇದೆ. ಅದು ಕೊಡುವ ಎರಡಕ್ಷರದ ಉತ್ತರ ಇಂಗ್ಲಿಷಿನ ದೊಡ್ಡ ಎಂ ಇಂದ ಶುರುವಾದರೆ ಅದು ಅಂಟುವ ಚಿಹ್ನೆ. ಕೊಂಬು, ದೀರ್ಘ, ಅನುಸ್ವಾರ, ವಿಸರ್ಗ, ಹಲಂತ ಎಲ್ಲವೂ ಇದರಲ್ಲಿ ಬರುತ್ತವೆ. ಹಲಂತದ ಯೂನಿಕೋಡ್ ಅಂಕಿ 3277, ಸಿಎಚ್‌ಆರ್ ಫಂಕ್ಷನ್‌ಗೆ ಕೊಟ್ಟರೆ ಸಿಗುತ್ತದೆ. 8204 ಮತ್ತು 8205 ಕಣ್ಣಿಗೆ ಕಾಣದ ಚಿಹ್ನೆಗಳು. ‘ಸಾಫ್ಟ್‌ವೇರ್’ ಬರೆಯುವಾಗ ವ ಒತ್ತಾಗದಂತೆ ತಡೆಯುವುದು 8204. ನಮ್ಮ ಕೋಡಿನಲ್ಲಿ ಅದು ಹಿಂದಿನ ತುಂಡಿಗೆ ಅಂಟುತ್ತದೆ, ಮುಂದೆ ವೇ ಬಂದಾಗ ಹಿಂದಿನದು ಹಲಂತ ಅಲ್ಲ, ಆದ್ದರಿಂದ ಹೊಸ ತುಂಡು. ಕಣ್ಣಿಗೆ ಕಾಣುವ ಹಾಗೆಯೇ ಒಡೆಯುತ್ತದೆ.

ಎನ್‌ಎಫ್‌ಸಿ ಸಾಲನ್ನು ಬಿಡಬೇಡಿ. ‘ಕೋ’ ಎಂಬ ಅಕ್ಷರವನ್ನು ಕಂಪ್ಯೂಟರಿನಲ್ಲಿ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಇಡಬಹುದು. ಒಂದರಲ್ಲಿ ಎರಡು ಚಿಹ್ನೆ, ಪೂರ್ತಿ ಬಿಡಿಸಿಟ್ಟರೆ ನಾಲ್ಕು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಪೈಥಾನ್ ಹೋಲಿಸಿದಾಗ ಬೇರೆ. ಒಬ್ಬರ ಕೀಬೋರ್ಡಿನಿಂದ ಬಂದ ಊಹೆ, ಇನ್ನೊಂದು ಕಡೆಯಿಂದ ತಂದ ಪದಪಟ್ಟಿ, ಎರಡೂ ಸೇರುವಾಗ ಇದು ತಲೆನೋವು ತರುತ್ತದೆ. ಯೂನಿಕೋಡ್‌ಡೇಟಾದ ನಾರ್ಮಲೈಸ್‌ಗೆ ಎನ್‌ಎಫ್‌ಸಿ ಎಂದು ಹೇಳಿದರೆ ಅದು ಎರಡನ್ನೂ ಒಂದೇ ರೂಪಕ್ಕೆ, ಚಿಹ್ನೆಗಳು ಕೂಡಿಕೊಂಡ ರೂಪಕ್ಕೆ, ತರುತ್ತದೆ. ಪದಪಟ್ಟಿಯಲ್ಲಿ ಇದೆಯೇ ಎಂದು ನೋಡುವ ಮುಂಚೆಯೂ ಇದನ್ನು ಮಾಡಿ. ಫೈಲ್ ತೆರೆಯುವಾಗ ಎನ್ಕೋಡಿಂಗ್ ಯುಟಿಎಫ್-8 ಎಂದು ಬರೆಯುವುದನ್ನೂ ಮರೆಯಬೇಡಿ. ಉದ್ದ ನೋಡುವುದು ಇನ್ನು ಪದದ ಮೇಲಲ್ಲ, ತುಂಡುಗಳ ಲಿಸ್ಟಿನ ಮೇಲೆ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ, ಅದು ಕೋಡಿನದಲ್ಲ, ಆಟದ್ದು. ಉತ್ತರ ‘ಕೋಡು’, ಊಹೆ ‘ಕಾಡು’. ಡು ಹಸಿರು. ಕಾ? ನಮ್ಮ ಲೆಕ್ಕದಲ್ಲಿ ಬೂದು. ನಿಯಮದ ಪ್ರಕಾರ ಸರಿಯೇ. ಆದರೆ ಕ ಸರಿ ಇತ್ತು, ಗುಣಿತ ಮಾತ್ರ ತಪ್ಪಿತ್ತು. ಕನ್ನಡದಲ್ಲಿ ಒಂದು ವ್ಯಂಜನಕ್ಕೆ ಗುಣಿತ, ಒತ್ತು ಸೇರಿ ನೂರಾರು ರೂಪ. ಬರೀ ಮೂರು ಬಣ್ಣದಲ್ಲಿ ಆಡಿದರೆ ಆರು ಅವಕಾಶ ಬೂದಿನಲ್ಲೇ ಮುಗಿದುಹೋಗುತ್ತವೆ.

ನಾನು ಒಂದು ನಾಲ್ಕನೇ ಬಣ್ಣ ಸೇರಿಸುತ್ತೇನೆ, 🟦. ಎರಡೂ ಸುತ್ತು ಮುಗಿದ ಮೇಲೆ ಮೂರನೇ ಸುತ್ತು: ಇನ್ನೂ 0 ಇರುವ ಮನೆಗಳಲ್ಲಿ, ಅದೇ ಮನೆಯ ಎರಡೂ ತುಂಡುಗಳ ಮೊದಲ ಚಿಹ್ನೆ ಒಂದೇ ಆಗಿದ್ದರೆ ನೀಲಿ. ಬೇರೆ ಮನೆಗಳಲ್ಲಿ ಹುಡುಕಬೇಡಿ. ಹುಡುಕಿದರೆ ಖರ್ಚಿನ ಲೆಕ್ಕ ಮತ್ತೆ ಶುರು, ಓದುವವರಿಗೂ ಗೊಂದಲ. ಇದಕ್ಕೆ 3 ಎಂಬ ಅಂಕಿ ಕೊಟ್ಟರೆ ಕೀಬೋರ್ಡಿನ ಮ್ಯಾಕ್ಸ್ ಹಸಿರಿಗಿಂತ ನೀಲಿಯೇ ದೊಡ್ಡದು ಎಂದುಕೊಳ್ಳುತ್ತದೆ. ಹಾಗಾಗಿ ಅಂಕಿಗಳನ್ನು ಮತ್ತೆ ಜೋಡಿಸಿ: 0 ಬೂದು, 1 ನೀಲಿ, 2 ಹಳದಿ, 3 ಹಸಿರು. ಹೋಲಿಸುವ ಫಂಕ್ಷನ್, ಚೌಕಗಳ ಲಿಸ್ಟ್, ಗೆಲುವಿನ ಪರೀಕ್ಷೆ ಮೂರರಲ್ಲೂ ಬದಲಿಸಬೇಕು. ಬಣ್ಣದ ಮೊತ್ತದ ಪರೀಕ್ಷೆಯಲ್ಲಿ ನೀಲಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ, 2 ಮತ್ತು 3 ಮಾತ್ರ ಎಣಿಸಿ. ಮೇಲಿನ ಏಳು ಸಾಲಿನ ಪಟ್ಟಿಯಲ್ಲಿ ಹಳೆಯ ಅಂಕಿಗಳಿಗೆ ಹೊಸ ಅಂಕಿ ಹಾಕಿ ಮತ್ತೆ ಓಡಿಸಿ. ಆ ಪದಗಳಲ್ಲಿ ಗುಣಿತವೇ ಇಲ್ಲದ ಕಾರಣ ನೀಲಿ ಒಂದೂ ಬರಬಾರದು. ಆಮೇಲೆ ಎಂಟನೇ ಸಾಲಾಗಿ ಕೋಡು-ಕಾಡು ಸೇರಿಸಿ, ಫಲ 1 3, ಅಂದರೆ 🟦🟩.